ಚನ್ನಾಜಮ್ಮನ ಓಟು

ನಂಜನಗೂಡಿನ ನಗರಸಭೆ ಚುನಾವಣೆಯ ಎಣಿಕೆ ಮುಗಿದ ದಿನ ಚನ್ನಾಜಮ್ಮನ ಮನೆಯಲ್ಲಿ ಮಾಡಿದ ಪಾಯಸ ಮಾಡಿದ ಹಾಗೇ ಉಳಿಯಿತು. ಗೆದ್ದೇ ಗೆಲ್ಲುತ್ತೇನೆಂದು ಬೆಳಿಗ್ಗೆ ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊರಟಿದ್ದ ಅವಳ ಮೈದುನ ನಂಜುಂಡೇಶ್, ಏಳೇ ಏಳು ಮತಗಳಲ್ಲಿ ಸೋತು ಬಂದು ನಡುಮನೆಯಲ್ಲಿ ಕುಸಿದು ಕೂತಿದ್ದ. ಗೆದ್ದವಳು ಮೇಲಿನ ಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ಗೌಡರ ಹುಡುಗಿ ಪವಿತ್ರಾ. ಅವಳ ಕಡೆಯವರ ಪಟಾಕಿ ಸಿಡಿದಾಗಲೆಲ್ಲ ನಂಜುಂಡೇಶನ ದವಡೆ ಬಿಗಿಯುತ್ತಿತ್ತು.

"ನಮ್ ಬೀದೀಲಿ ನಮ್ಮೋರ ಓಟು ಎಷ್ಟವೆ ಅಂತ ನಂಗೊತ್ತಿಲ್ವಾ? ಅಷ್ಟೂ ಬಿದ್ದಿದ್ರೆ ನಾನ್ ಸೋಲ್ತಿರ್ಲಿಲ್ಲ. ಒಳಗಿನೋರೇ ಕತ್ತು ಕುಯ್ದವ್ರೆ. ಸಾಯಂಕಾಲ ಮಠದ ಜಗಲಿ ಮ್ಯಾಲೆ ಎಲ್ರೂ ಲಿಂಗ ಮುಟ್ಟಿ ಯೇಳ್ಲಿ, ಯಾರ್ಗಾಕಿದ್ರು ಅಂತ" ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚನ್ನಾಜಮ್ಮ ಮೆಲ್ಲಗೆ ಒಳಗೆ ಸರಿದಳು. ಅವನಿಗೆ ಬೀಳದೆ ಹೋದ ಓಟುಗಳಲ್ಲಿ ಒಂದು ಅವಳದು.

ಆ ಬೀದಿಯ ಶಿವಭಕ್ತರ ಮನೆಗಳ ಜಗಳ ಪೊಲೀಸ್ ಠಾಣೆಯವರೆಗೆ ಹೋಗುವುದು ಕಡಿಮೆ. ಬದು ಒತ್ತಿದವನಿರಲಿ, ತೆಂಗಿನಕಾಯಿ ಕೆಡವಿಕೊಂಡು ಹೋದವನಿರಲಿ, ಕೊರಳಿನ ಇಷ್ಟಲಿಂಗದ ಕರಡಿಗೆ ಮುಟ್ಟಿ ಒಂದು ಮಾತು ಹೇಳಿದರೆ ಅಲ್ಲಿಗೆ ವ್ಯಾಜ್ಯ ಮುಗಿಯಿತು. ಲಿಂಗ ಮುಟ್ಟಿ ಸುಳ್ಳಾಡಲು ಎಂಥ ಭಂಡನಿಗೂ ನಾಲಿಗೆ ಏಳುವುದಿಲ್ಲ. ಅದೇ ಪದ್ಧತಿಯನ್ನು ಈಗ ಓಟಿಗೂ ತಂದಿದ್ದರು. ಮರೆಯಲ್ಲಿ ನಿಂತು ಒತ್ತಿದ ಗುಂಡಿಯನ್ನು ಜಗಲಿಯ ಮೇಲೆ ಹೇಳಿಸುವುದು ಯಾವ ನ್ಯಾಯ ಎಂದು ಕೇಳುವ ಗಂಡಸು ಬೀದಿಯಲ್ಲಿ ಒಬ್ಬನೂ ಇರಲಿಲ್ಲ. ಮೀಸೆಗಳಿಗೇನೂ ಕೊರತೆಯಿರಲಿಲ್ಲ, ಬಿಡಿ.

ಚನ್ನಾಜಮ್ಮ ತಿರುಮಕೂಡಲು ನರಸೀಪುರದ ಕಡೆಯವಳು. ಮದುವೆಯಾಗಿ ಬಂದಾಗ ನಂಜುಂಡೇಶ್ ಇನ್ನೂ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ. ಅವನ ತಲೆಗೆ ಎಣ್ಣೆ ಒತ್ತಿ ಬಾಚಿ ಕಳಿಸಿದವಳು ಇವಳೇ. ಮಗಳು ಅರ್ಪಿತ ಚಿಕ್ಕವಳಿದ್ದಾಗ ಗಂಡ ತೀರಿಕೊಂಡ. ಮೈದುನ ಮನೆಯಿಂದ ಹೊರಗೆ ಹಾಕಲಿಲ್ಲ, ಅದು ಅವನ ದೊಡ್ಡತನ. ಇವಳೂ ಅವನ ಅನ್ನಕ್ಕೆ ಭಾರವಾಗಲಿಲ್ಲ. ಮೂರು ಹಸು ಕಟ್ಟಿದಳು, ಹಾಲು ಮಾರಿ ಮಗಳನ್ನು ಓದಿಸಿದಳು. ಮನೆಯ ಹಿಂದೆ ನಗರಸಭೆಗೆ ಸೇರಿದ ಬಯಲೊಂದಿದೆ. ಬೀದಿಯ ದನಗಳೆಲ್ಲ ಮೇಯುವುದು ಅಲ್ಲೇ, ಹುಲ್ಲಿನ ಮೆದೆಗಳಿರುವುದೂ ಅಲ್ಲೇ.

ಆ ಬಯಲಿನ ವಿಷಯದ ಮೇಲೆಯೇ ಚುನಾವಣೆ ನಡೆದದ್ದು. ಅಲ್ಲಿ ಎರಡಂತಸ್ತಿನ ಕಾಂಪ್ಲೆಕ್ಸ್ ಕಟ್ಟಿಸಿ, ಹೈವೇಯಿಂದ ಬೀದಿಯವರೆಗೆ ದೊಡ್ಡ ರಸ್ತೆ ತರುತ್ತೇನೆ ಎಂದು ನಂಜುಂಡೇಶ್ ಹೇಳಿದ. ರಸ್ತೆ ಮೊದಲು ಬರಲಿ, ಬಯಲು ಬಯಲಾಗಿಯೇ ಇರಲಿ ಎಂದು ಪವಿತ್ರಾ ಹೇಳಿದಳು. ತಿಂಗಳುಗಟ್ಟಲೆ ಊಟದ ಹೊತ್ತಿನಲ್ಲಿ ಇದೇ ಚರ್ಚೆ.

"ಚಿಕ್ಕಪ್ಪ ಹೇಳೋದ್ರಲ್ಲಿ ತಪ್ಪೇನಿದೆ ಅವ್ವ?" ಎಂದು ತಾಂಡವಪುರದ ಫ್ಯಾಕ್ಟರಿಗೆ ಹೋಗುವ ಅರ್ಪಿತಳೇ ವಾದಿಸುತ್ತಿದ್ದಳು. "ಕಾಂಪ್ಲೆಕ್ಸ್ ಬಂದ್ರೆ ಬಾಡಿಗೆ ಬರತ್ತೆ, ಆ ದುಡ್ಡಲ್ಲಿ ರಸ್ತೆ ಆಗತ್ತೆ. ಈಗ ಫ್ಯಾಕ್ಟ್ರಿ ಬಸ್ಸು ನನ್ನ ಹೈವೇಲೇ ಇಳಿಸಿ ಹೋಗತ್ತೆ. ಕೆಸರು ತುಳ್ಕೊಂಡು ಬರೋಳು ನಾನು, ನೀನಲ್ಲ."

"ಮತ್ತೆ ಅಸ ಎಲ್ಲಿ ಕಟ್ಟೋದವ್ವ?" ಎಂದಿದ್ದಳು ಚನ್ನಾಜಮ್ಮ.

"ಟೌನು ಅಂದ್ಮೇಲೆ ಅಸ ಇರಕ್ಕಾಗಲ್ಲ ಅತ್ತಿಗೆ" ಎಂದು ನಂಜುಂಡೇಶ್ ನಗುತ್ತಲೇ ಮಾತು ಮುಗಿಸಿದ್ದ. "ಮಾರ್ಬುಟ್ಟು ಆರಾಮಾಗಿರಿ."

ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನೋವಾದದ್ದು. ನರಸೀಪುರದ ತವರಲ್ಲೂ ಹೀಗೇ ಆಗಿತ್ತು. ಅವಳ ತಮ್ಮ ಅಲ್ಲಿದ್ದ ಕೊಟ್ಟಿಗೆ ಕೆಡವಿ ಮಳಿಗೆ ಕಟ್ಟಿಸಿದ, ನಾಲ್ಕು ಕಾಸು ಮಾಡಿಕೊಂಡ, ಈಗ ಪ್ಯಾಕೆಟ್ ಹಾಲಿನ ಕಾಫಿ ಕುಡಿದು ಹೊಟ್ಟೆ ಉರಿ ಎನ್ನುತ್ತಾನೆ. ಅವನೇನೂ ಕೆಟ್ಟಿಲ್ಲ, ಚೆನ್ನಾಗೇ ಇದ್ದಾನೆ. ಆದರೆ ಆ ಮನೆಗೆ ಹೋದರೆ ಚನ್ನಾಜಮ್ಮನಿಗೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಇವತ್ತು ನಿಜ ಹೇಳಿದರೆ ಅಲ್ಲಿಗೇ ಹೋಗಬೇಕು. ಮನೆಯ ಯಜಮಾನನನ್ನು ಸೋಲಿಸಿದವಳಿಗೆ ಮನೆಯಲ್ಲಿ ಯಾರು ಜಾಗ ಕೊಡುತ್ತಾರೆ?

ಸಾಯಂಕಾಲ ಮಠದ ಜಗಲಿ ತುಂಬಿತು. ಗಂಡಸರು ಮೇಲೆ, ಹೆಂಗಸರು ಕೆಳಗೆ ಚಾಪೆಯ ಮೇಲೆ. ಚನ್ನಾಜಮ್ಮನ ಪಕ್ಕದಲ್ಲೇ ಅವಳ ಓರಗಿತ್ತಿ, ನಂಜುಂಡೇಶನ ಹೆಂಡತಿ ದಾಕ್ಷಾಯಿಣಿ ಕೂತಳು. ಬೀದಿಯ ಹಿರಿಯರಾದ ಮಹಾದೇವಸ್ವಾಮಿ ಒಲ್ಲದ ಮನಸ್ಸಿನಿಂದಲೇ ಬಂದಿದ್ದರು.

"ಬ್ಯಾಡ ಕಣೋ ನಂಜುಂಡೇಶ. ಸೋಲು ಗೆಲುವು ಇದ್ದದ್ದೇ. ಒಪ್ಕೊಂಡ್ಬುಡು" ಎಂದರು.

"ಒಪ್ಕತೀನಿ ಅಯ್ನೋರೇ. ಯಾರು ಸೋಲ್ಸಿದ್ರು ಅಂತ ತಿಳ್ಕಂಡು ಒಪ್ಕತೀನಿ."

ಒಬ್ಬೊಬ್ಬರೇ ಎದ್ದು ಕರಡಿಗೆ ಮುಟ್ಟಿ, "ನಿಮ್ಗೇ ಆಕಿದೀನಿ" ಎಂದು ಕೂತರು. ಟೀ ಹೋಟೆಲಿನ ಬೆಟ್ಟಸ್ವಾಮಿಯ ಸರದಿ ಬಂದಾಗ ಗುಸುಗುಸು ಎದ್ದಿತು. ಪವಿತ್ರಾ ಪ್ರಚಾರದ ಹೊತ್ತಿನಲ್ಲಿ ಅವನ ಹೋಟೆಲಿನಲ್ಲಿ ಕೂತು ಟೀ ಕುಡಿದದ್ದನ್ನು ಎಲ್ಲರೂ ನೋಡಿದ್ದರು.

ಬೆಟ್ಟಸ್ವಾಮಿ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದ. "ನಂಜುಂಡೇಶಣ್ಣಂಗೇ ಆಕಿದೀನಿ. ಹೋಟ್ಲು ಅಂದ್ಮೇಲೆ ಬಂದೋರ್ಗೆ ಟೀ ಕೊಡ್ದೆ ಇರಕ್ಕಾಗ್ತದಾ?"

"ಲಿಂಗ ಮುಟ್ಕಂಡು ಸುಳ್ಳು ಯೇಳ್ತೀಯೇನ್ಲಾ?" ಎಂದು ಯಾರೋ ಹಿಂದಿನಿಂದ ಕೂಗಿದರು.

ಬೆಟ್ಟಸ್ವಾಮಿಯ ಮುಖ ಬಿಳಿಚಿಕೊಂಡಿತು. ಮತ್ತೆ ಆಣೆ ಇಟ್ಟ. ಮಕ್ಕಳ ಹೆಸರು ತೆಗೆದ. ಅಳುವುದಕ್ಕೇ ಶುರು ಮಾಡಿದ. ಎಂದೂ ಮೀರದ ಪದ್ಧತಿಯನ್ನು ಅಂದು ಜಗಲಿಯವರು ಮೀರಿದರು, ಲಿಂಗ ಮುಟ್ಟಿದ ಆಣೆಯನ್ನೂ ನಂಬಲಿಲ್ಲ.

"ನಾಳೆಯಿಂದ ಇವನ ಹೋಟ್ಲಿಗೆ ಯಾರೂ ಕಾಲಿಡ್ಬ್ಯಾಡಿ" ಎಂದ ನಂಜುಂಡೇಶ್. ಕೆಳಗೆ ತಿರುಗಿ, "ಅತ್ತಿಗೆ, ಇವನಿಗೆ ಆಲು ಆಕೋದೂ ನಿಲ್ಸಿ" ಎಂದ.

ಚನ್ನಾಜಮ್ಮ ಎದ್ದು ನಿಂತಳು. ಹೆಂಗಸರ ಸರದಿ ಇನ್ನೂ ಬಂದಿಲ್ಲವೆಂದು ಯಾರೋ ಸೆರಗು ಜಗ್ಗಿದರು. ಅವಳು ಕರಡಿಗೆಯನ್ನು ಮುಟ್ಟಿದಳು.

"ಅವನನ್ನ ಬುಟ್ಬುಡು ನಂಜುಂಡೇಶ. ನಾನ್ ನಿಂಗಾಕ್ಲಿಲ್ಲ. ಪವಿತ್ರಾಗಾಕ್ದೆ."

ನಂಜುಂಡೇಶನಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಣ್ಣು ಕೆಂಪಾದವು.

"ನೀವಾ? ನನ್ ಮನೇಲೇ ಉಂಡ್ಕಂಡು? ನನ್ಗಿಂತ ಮೂರು ಅಸ ಎಚ್ಚಾ ನಿಮ್ಗೆ?"

"ಅಸದ ಮಾತಲ್ಲ ಕಣಪ್ಪ." ಅವಳ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ಓಟಿಗೆ ನಿಂತ್ಕಂಡು ನೀನು ಈ ಬೀದೀಲಿ ಎಲ್ಲರ ಮನೆ ಬಾಗ್ಲಿಗೂ ಹೋದೆ. ಆಗದೇ ಇರೋರ ಕಾಲೂ ಹಿಡ್ದೆ. ಅಮ್ಮ ಓಟಾಕಿ, ಅಕ್ಕ ಓಟಾಕಿ ಅಂದೆ. ನನ್ನ ಕೇಳಿದ್ಯಾ? ಒಂದು ದಿನ, ಒಂದು ಮಾತು? ಆ ಹುಡ್ಗಿ ಕೊಟ್ಟಿಗೆವರ್ಗೂ ಬಂದು, ಸಗಣಿ ಮ್ಯಾಲೇ ನಿಂತ್ಕಂಡು, ನಿಮ್ಗೇನ್ ಬೇಕಮ್ಮಾ ಅಂದ್ಲು. ಏನ್ ಬೇಕು ಅಂತ ಏಳಕ್ಕೆ ನಂಗೇ ಗೊತ್ತಾಗ್ಲಿಲ್ಲ. ಈ ಊರಿಗೆ ಬಂದ್ಮೇಲೆ ಯಾರೂ ಕೇಳೇ ಇರ್ಲಿಲ್ಲ ಕಣಪ್ಪ. ರಸ್ತೆ ಬರ್ಲಿ, ಕಾಂಪ್ಲೆಕ್ಸೂ ಬರ್ಲಿ, ನಾನೇನ್ ಅಡ್ಡ ಮನಗ್ತೀನಾ? ಕೇಳಿದ್ರೆ ನಿಂಗೇ ಆಕ್ತಿದ್ನೋ ಏನೋ."

ಅಷ್ಟು ಹೇಳಿ ನಿಂತೇ ಇದ್ದಳು. ನರಸೀಪುರದ ಬಸ್ಸಿಗೆ ಬೆಳಿಗ್ಗೆ ಹೋಗುವುದೋ ಈಗಲೇ ಹೊರಡುವುದೋ ಎಂಬುದಷ್ಟೇ ತಲೆಯಲ್ಲಿತ್ತು. ಹಸುಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಲಾಗುವುದಿಲ್ಲ ಎಂಬುದೂ ನೆನಪಾಗಿ ಅಳು ಉಕ್ಕಿಬಂತು.

ನಂಜುಂಡೇಶ್ ಜಗಲಿಯಿಂದ ಇಳಿದು ಅವಳ ಎದುರಿಗೆ ಬಂದ. ಅವನು ಬಾಯಿ ತೆರೆಯುವುದಕ್ಕೂ, ಪಕ್ಕದಲ್ಲಿ ಬಟ್ಟೆ ಸರಿದ ಸದ್ದಾಗುವುದಕ್ಕೂ ಸರಿಹೋಯಿತು. ದಾಕ್ಷಾಯಿಣಿ ಚಾಪೆಯಿಂದ ಏಳುತ್ತಿದ್ದಳು. ಯಾರೂ ಕರೆದಿರಲಿಲ್ಲ. ಗಂಡನ ಮುಖವನ್ನೇ ನೋಡುತ್ತ, ಅವಳು ಸೆರಗಿನೊಳಗೆ ಕೈ ಹಾಕಿ ಕರಡಿಗೆ ಹುಡುಕುತ್ತಿದ್ದಳು.

ಮದುವೆಯಾದಂದಿನಿಂದ ನೋಡಿದ ಮುಖ ಅದು. ಏನು ಹೇಳುತ್ತಾಳೆಂದು ನಂಜುಂಡೇಶನಿಗೆ ತಿಳಿಯಲಿಲ್ಲ. ಇವಳನ್ನಾದರೂ ಕೇಳಿದ್ದೆನೇ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

"ಸಾಕು!" ಎಂದ. ಅವನ ದನಿ ಅವನಿಗೇ ಹೊಸದಾಗಿತ್ತು. "ಸಾಕು ಬುಡಿ. ಇನ್ನ್ಯಾರೂ ಲಿಂಗ ಮುಟ್ಬ್ಯಾಡಿ. ನಾನ್ ಸೋತಿವ್ನಿ. ಜನ ಸೋಲ್ಸವ್ರೆ, ಸೋತಿವ್ನಿ. ಮುಗೀತು."

ಬೆಟ್ಟಸ್ವಾಮಿ ಮುಖ ಒರೆಸಿಕೊಂಡ. ಮಹಾದೇವಸ್ವಾಮಿ ಎದ್ದು ನಿಂತರು. ಜನ ಚಪ್ಪಲಿ ಹುಡುಕತೊಡಗಿದರು.

"ಅತ್ತಿಗೆ" ಎಂದ ನಂಜುಂಡೇಶ್, ನೆಲ ನೋಡುತ್ತ. "ಕತ್ಲಾಯ್ತದೆ. ಮನೆಗೆ ನಡೀರಿ."

ಚನ್ನಾಜಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಹೊರಟಳು. ದಾಕ್ಷಾಯಿಣಿ ಇನ್ನೂ ಕರಡಿಗೆ ಹಿಡಿದುಕೊಂಡೇ ಅವಳ ಜೊತೆ ನಡೆದಳು. ನಂಜುಂಡೇಶ್ ಇಬ್ಬರ ಹಿಂದೆ ಬಂದ. ದಾರಿಯುದ್ದಕ್ಕೂ ಹೆಂಡತಿಯನ್ನು ಏನೂ ಕೇಳಲಿಲ್ಲ. ಕೇಳಲು ಅವನಿಗೆ ಧೈರ್ಯ ಬರಲಿಲ್ಲ.