ಗಿರಣಿಯ ಹಿಟ್ಟಿನಲ್ಲಿ ಬರೆದ ಕಬಡ್ಡಿ ಅಂಕಣ

ಆರು ಗಂಟೆಗೆ ಬರಬೇಕಿದ್ದ ತ್ರೀ ಫೇಸ್ ಕರೆಂಟು ಅವತ್ತು ಐದು ಇಪ್ಪತ್ತಕ್ಕೇ ಬಂತು.

ಆ ದಿನಗಳಲ್ಲಿ ನಮ್ಮ ಕಟಕೋಳದಲ್ಲಿ ಹೊತ್ತು ಗೊತ್ತಾಗುತ್ತಿದ್ದುದು ಕರೆಂಟಿನಿಂದ. ಅದು ಇದ್ದಾಗ ನಮ್ಮ ಹಿಟ್ಟಿನ ಗಿರಣಿ ಓಡುತ್ತಿತ್ತು. ಹೋದಾಗ ಊರಿನ ಅರ್ಧ ಜನ ಜೋಳದ ಡಬ್ಬಿ ಪಾಳಿಗಿಟ್ಟು ಅಲ್ಲೇ ಕೂತು ಮಾತಾಡುತ್ತಿದ್ದರು. ಓಡುವ ಗಿರಣಿಯಲ್ಲಿ ಕೂಗಿಯೇ ಮಾತಾಡಬೇಕು. ಅದು ರೂಢಿಯಾಗಿ, ಗಿರಣಿ ನಿಂತ ಮೇಲೂ ಅವರ ದನಿ ಇಳಿಯುತ್ತಿರಲಿಲ್ಲ. ಬಿಸಿ ಹಿಟ್ಟಿನ ಘಮ, ಅಪ್ಪ ಸುಟ್ಟು ತಂದ ಶೇಂಗಾ, ಈ ಗದ್ದಲ, ಇಷ್ಟು ಸೇರಿದರೆ ನನಗೆ ಬೇಸಿಗೆ ರಜೆ ಬಂತೆಂದು ಅರ್ಥ. ನನಗಾಗ ಹನ್ನೆರಡು ವರ್ಷ.

ಟೀವಿಯಲ್ಲಿ ಕಬಡ್ಡಿಯ ದೊಡ್ಡ ಪಂದ್ಯಗಳು ಬರತೊಡಗಿದ ಮೇಲೆ ನಮ್ಮ ಕಡೆಯೂ ನಾಲ್ಕು ತಾಲೂಕುಗಳ ಪಂದ್ಯಾವಳಿ ಶುರುವಾಗಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಆಟಗಾರರಿಗೆ ಸಂಬಳವಿತ್ತು. ಬೇಸಿಗೆಯ ಒಂದು ದಿನ ನಾಲ್ಕೂ ತಂಡದವರು ಸವದತ್ತಿಯಲ್ಲಿ ಕೂತು, ಸರದಿಯ ಪ್ರಕಾರ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುತ್ತಿದ್ದರು. ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಸರದಿ. ಕೊನೆಗೆ ಬಂದದ್ದು ನಮ್ಮ ರಾಮದುರ್ಗ. ತಂಡದ ಮಾಲಕರು, ಮ್ಯಾನೇಜರು, ಆಟಗಾರರನ್ನು ಆರಿಸುವ ನಿವೃತ್ತ ಪಿ.ಟಿ. ಮಾಸ್ತರು, ಈ ಮೂವರನ್ನೂ ಸೇರಿಸಿ ನಮ್ಮ ಜನ ‘ಆಫೀಸು’ ಎನ್ನುತ್ತಿದ್ದರು. ಆಫೀಸು ಮಾಡಿದ್ದೆಲ್ಲ ತಪ್ಪು ಎಂಬುದು ಗಿರಣಿಯಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು. ಯಾವ ತಪ್ಪು ಎಂಬುದರ ಮೇಲೆ ಮಾತ್ರ ಜಗಳ.

ಆ ವರ್ಷ ಆಯ್ಕೆಯ ಪಟ್ಟಿಯಲ್ಲಿ ನಮ್ಮ ಪ್ರಾಣೇಶ ಮಾಮಾನ ಹೆಸರೂ ಇತ್ತು. ಮಾಮಾ ಎಂದರೆ ಅವ್ವನ ತಮ್ಮ. ಅವ್ವನ ತವರು ಚಚಡಿ. ಅಲ್ಲಿ ಅಜ್ಜ ಪೌರೋಹಿತ್ಯ ಮಾಡುತ್ತಿದ್ದ. ಮಾಮಾ ನಮ್ಮ ಮನೆಯಲ್ಲಿದ್ದು ಡಿಗ್ರಿ ಮುಗಿಸಿ, ಗಿರಣಿಯಲ್ಲಿ ಕೈಯಾಡಿಸುತ್ತ ಕಟಕೋಳದ ಹುಡುಗರ ಜತೆ ಆಡುತ್ತಿದ್ದ. ಎದುರು ಅಂಕಣಕ್ಕೆ ನುಗ್ಗಿದನೆಂದರೆ ಒಬ್ಬರನ್ನಾದರೂ ಮುಟ್ಟದೆ ಬರುತ್ತಿರಲಿಲ್ಲ. ಆದರೆ ಅಜ್ಜನ ಒಂದು ಷರತ್ತಿತ್ತು: ಈ ಸಲ ಯಾವ ತಂಡವೂ ತೆಗೆದುಕೊಳ್ಳದಿದ್ದರೆ ಆಟ ಬಿಟ್ಟು ಚಚಡಿಗೆ ಬಂದು ತನ್ನ ಜತೆ ಪೂಜೆಗೆ ಕೂಡಬೇಕು. ಮಾಮಾ ಒಪ್ಪಿದ್ದ.

ಅವತ್ತು, ಆ ಆಯ್ಕೆಯ ದಿನ, ನಾಲ್ಕು ಗಂಟೆಗೆ ಕರೆಂಟು ಹೋಯಿತು. ಸೈಕಲ್ ಅಂಗಡಿಯ ದಾವಲಣ್ಣನ ಭಾವ ಸವದತ್ತಿಯ ಸಭೆಯಲ್ಲಿದ್ದ. ಅಲ್ಲಿಂದ ಫೋನು ಬಂದಂತೆ ದಾವಲಣ್ಣ ಸುದ್ದಿ ಹೇಳುತ್ತಿದ್ದ. ಐದು ಗಂಟೆಯ ಹೊತ್ತಿಗೆ ಎರಡು ಸುತ್ತು ಮುಗಿದಿದ್ದವು. ರಾಮದುರ್ಗದವರು ಹೊರ ಜಿಲ್ಲೆಯ ಇಬ್ಬರು ದಢೂತಿ ಆಟಗಾರರನ್ನು ತೆಗೆದುಕೊಂಡಿದ್ದರು.

“ಮೊದಲನೇ ಸರದಿ ಸಿಕ್ಕೈತಿ, ತಂದದ್ದು ಏನು? ಒಂದು ಮೇವಿನ ಬಣವಿ,” ಎಂದು ಕಬ್ಬಿನ ಹೊಲದಿಂದ ಬಂದಿದ್ದ ಈರಪ್ಪಜ್ಜ ಶುರು ಮಾಡಿದ. “ಅವ ನಿಂತ್ರ ನಿಂತಂಗ. ಬಗ್ಗಾಕ ಬರೂದಿಲ್ಲ. ಆಫೀಸಿನವರಿಗೆ ಆಳನ್ನ ತೂಕ ಮಾಡಿ ಆರಿಸೂ ಚಟ.”

“ಅಜ್ಜಾರ, ಹ್ವಾದ ವರ್ಷ ತೆಳ್ಳಗಿನವರನ್ನ ತಗೊಂಡಾಗೂ ನೀವ ಬೈದ್ರಿ. ಗಾಳಿಗೆ ಹಾರತಾವು ಅಂದ್ರಿ,” ಎಂದ ದಾವಲಣ್ಣ.

“ಆಗೂ ತಪ್ಪಿದ್ರು, ಈಗೂ ತಪ್ಪ್ಯಾರ. ಅದಕ್ಕ ನಾ ಏನ ಮಾಡ್ಲಿ?”

ಮೂಲೆಯಲ್ಲಿ ತನ್ನ ಡಬ್ಬಿಯ ಮೇಲೆಯೇ ಕೂತಿದ್ದ ಗಂಗವ್ವ ಬಾಯಿಯ ಎಲೆ ಅಡಿಕೆಯನ್ನು ಒಂದು ಕಡೆ ಸರಿಸಿದಳು. “ನೀವಿಬ್ಬರೂ ಆಫೀಸಿನ್ಯಾಗ ಕುಂತ್ರ ತಂಡದಾಗ ಏಳು ಮಂದಿ ಇರೂದಿಲ್ಲ, ಏಳು ಜಗಳ ಇರತಾವ.”

ಎಲ್ಲರೂ ನಕ್ಕರು. ಮಾಮಾ ಮಾತ್ರ ನಗಲಿಲ್ಲ. ದಾವಲಣ್ಣನ ಫೋನನ್ನೇ ನೋಡುತ್ತಿದ್ದ.

“ಮೂರನೇ ಸುತ್ತಿನ್ಯಾಗ ತಗೋತಾರ ತಗೋರಿ ಇವನ್ನ,” ಎಂದು ಅಪ್ಪ ಹೇಳಿದ.

“ಯಾಕ ತಗೋತಾರ? ಇವನ ಮೂಲ ಚಚಡಿ, ಸವದತ್ತಿಯವರು ಒಯ್ಯಲಿ ಅಂತ ಆಫೀಸಿನವರು ಕುಂತಾರ. ಸವದತ್ತಿಯವರು, ಕಟಕೋಳದಾಗ ಆಡ್ತಾನ, ರಾಮದುರ್ಗದವರು ಒಯ್ಯಲಿ ಅಂತ ಕುಂತಾರ,” ಎಂದ ದಾವಲಣ್ಣ. “ಅದೂ ಅಲ್ಲದ ಬೈಲಹೊಂಗಲದ ಹುಡುಗನ್ನ ನೋಡೀರೇನು? ಬೆನ್ನು ತಿರುವಿ ಹಿಂದ ಕಾಲು ಒಗದು ಮುಟ್ಟತಾನ. ಅದು ಪ್ರಾಣೇಶಗ ಬರೂದಿಲ್ಲ.”

“ಬರೂದಿಲ್ಲಂತ ಯಾರು ಹೇಳಿದ್ರು?” ಮಾಮಾ ಅವತ್ತು ಮೊದಲ ಸಲ ಬಾಯಿಬಿಟ್ಟಿದ್ದ.

“ಬಂದ್ರ ತೋರಸು ಮತ್ತ.”

ವಾದ ಏರಿದಾಗ ನೆಲದ ಮೇಲೆ ಅಂಕಣ ಬರೆಯುವುದು ನಮ್ಮ ಗಿರಣಿಯ ರೂಢಿ. ಬಿದ್ದ ಹಿಟ್ಟನ್ನು ಕಾಲಿಂದ ಸಮ ಮಾಡಿ, ಬೆರಳಿಂದ ಗೆರೆ ಎಳೆದು, ಕಾಳಿಟ್ಟು ಆಟಗಾರರನ್ನು ನಿಲ್ಲಿಸಿ, ಆಫೀಸು ಮಾಡಿದ ತಪ್ಪನ್ನು ತಿದ್ದುತ್ತಿದ್ದರು. ಆ ದಿನ ಈರಪ್ಪಜ್ಜ ಗೆರೆಯನ್ನು ಗೋಡೆಯಿಂದ ಗೋಡೆಗೆ ಎಳೆದ. ಮಾಮಾ ಕಾಳಿನ ಬದಲು ತಾನೇ ಅದರೊಳಗೆ ನಿಂತ.

ನನ್ನ ಕೆಲಸ ಸ್ಟಾರ್ಟರಿನ ಹತ್ತಿರ ಕೂಡುವುದು. ಕರೆಂಟು ಬಂದೊಡನೆ ಹಸಿರು ಗುಂಡಿ ಒತ್ತಬೇಕು. ಆದರೆ ಸ್ಟಾರ್ಟರಿದ್ದದ್ದು ಕಂಬದ ಹಿಂದೆ, ಅಲ್ಲಿಂದ ಅಂಕಣ ಕಾಣುತ್ತಿರಲಿಲ್ಲ. ನಮ್ಮ ಕಡೆ ಹೊಲದ ಪಂಪಿನವರೆಲ್ಲ ಒಂದು ಉಪಾಯ ಮಾಡುತ್ತಾರೆ. ಹಸಿರು ಗುಂಡಿ ಒತ್ತಿ, ಅದು ಮೇಲೇಳದಂತೆ ಸಂದಿಗೆ ಕಡ್ಡಿ ಸಿಕ್ಕಿಸಿಬಿಡುತ್ತಾರೆ. ಕರೆಂಟು ಬಂದಾಗ ಮೋಟರು ತಾನೇ ಓಡುತ್ತದೆ. ಅಪ್ಪನೂ ಊಟಕ್ಕೆ ಹೋಗುವಾಗ ಹಾಗೆ ಮಾಡುತ್ತಿದ್ದ. ನನಗೆ ಮಾತ್ರ ಮಾಡಬೇಡ ಎಂದಿದ್ದ. ನಾನು ಬೆಂಕಿಕಡ್ಡಿಯೊಂದನ್ನು ಸಿಕ್ಕಿಸಿ ಗಂಗವ್ವನ ಪಕ್ಕಕ್ಕೆ ಬಂದು ಕೂತೆ. ಆರಕ್ಕೆ ಇನ್ನೂ ಬಹಳ ಹೊತ್ತಿತ್ತು.

ಮಾಮಾ ಬೆನ್ನು ತಿರುಗಿಸಿದ. ಎಡಗಾಲನ್ನು ಹಿಂದಕ್ಕೆ ಚಾಚಲು ಆಸರೆ ಬೇಕಾಗಿ ಮೋಟರಿನ ಪಟ್ಟಾವನ್ನು, ಅಂದರೆ ಗಾಲಿಯಿಂದ ಗಾಲಿಗೆ ಸುತ್ತುವ ಆ ಅಗಲದ ಬೆಲ್ಟನ್ನು, ಬಲಗೈಯಲ್ಲಿ ಹಿಡಿದ. ಕರೆಂಟು ಇಲ್ಲದಾಗ ಎಲ್ಲರೂ ಅದಕ್ಕೆ ಆತುಕೊಳ್ಳುತ್ತಿದ್ದೆವು.

ಪಟ್ಟಾ ಒಮ್ಮೆ ಜಗ್ಗಿದ್ದು ಕಂಡಿತು. ಮಾಮಾನ ಕೈ ಗಾಲಿಯ ಕಡೆ ಹೋಯಿತು. ಅವನು ಕೂಗಿದ್ದು ಗಿರಣಿಯ ಸದ್ದಿನಲ್ಲಿ ಕೇಳಲಿಲ್ಲ, ಬಾಯಿ ತೆರೆದದ್ದಷ್ಟೇ ಕಂಡಿತು. ಅಪ್ಪ ಓಡಿಹೋಗಿ ಕೆಂಪು ಗುಂಡಿ ಒತ್ತಿದ, ನಿಂತಿತು. ಮಾಮಾನನ್ನು ಹಿಡಿಯಲೆಂದು ಕೈ ಬಿಟ್ಟ. ಹಸಿರು ಗುಂಡಿ ಕಡ್ಡಿಯಿಂದ ಇನ್ನೂ ಒತ್ತಿಕೊಂಡೇ ಇತ್ತು, ಮತ್ತೆ ತಿರುಗಿತು. ಆ ಎರಡನೆಯ ಸಲ ತಿರುಗಿದ್ದೇ ನನ್ನ ಕಣ್ಣ ಮುಂದೆ ಈಗಲೂ ಬರುವುದು. ಅಪ್ಪ ಮೇನ್ ಸ್ವಿಚ್ಚು ಎಳೆದ. ಆಮೇಲೆ ಸ್ಟಾರ್ಟರನ್ನು ನೋಡಿದ, ನನ್ನನ್ನು ನೋಡಿದ, ಕಡ್ಡಿಯನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ.

ದಾವಲಣ್ಣ ತನ್ನ ರುಮಾಲಿನಿಂದ ಕೈ ಸುತ್ತಿದ. ಆಸ್ಪತ್ರೆಗೆ ಒಯ್ಯುವ ಗಾಡಿಯಲ್ಲಿ ಅವನ ಫೋನು ರಿಂಗಾಯಿತು. ಕಿವಿಗಿಟ್ಟುಕೊಂಡು ಕೇಳಿದ, ಕೆಳಗಿಟ್ಟ. ಮೂರನೇ ಸುತ್ತಿನಲ್ಲಿ ರಾಮದುರ್ಗದವರು ಮಾಮಾನನ್ನು ತೆಗೆದುಕೊಂಡಿದ್ದರೆಂದು ಅವನು ನಮಗೆ ತಿಳಿಸಿದ್ದು ನಾಲ್ಕು ದಿನದ ಮೇಲೆ. ಅಷ್ಟರಲ್ಲಿ ಬಲಗೈಯ ಮೂರು ಬೆರಳು ಹೋಗಿದ್ದವು. ಆಫೀಸಿನವರು ಬೇರೊಬ್ಬನನ್ನು ಹುಡುಕಿಕೊಂಡಿದ್ದರು.

“ಸ್ವಿಚ್ಚಿಗೆ ಕಡ್ಡಿ ಇಟ್ಟಿದ್ದು ನಾನ. ಮರತೆ,” ಎಂದು ಅಪ್ಪ ಎಲ್ಲರಿಗೂ ಹೇಳಿದ. ಅವ್ವನಿಗೂ ಹೇಳಿದ. ಮಾಮಾ ಅಪ್ಪನ ಕಡೆ ನೋಡದೆ ಚಚಡಿಗೆ ಹೋದ. ಆಟ ಹೋಯಿತು. ಬಲಗೈಯಲ್ಲೇ ಮಾಡಬೇಕಾದ ಅಜ್ಜನ ಪೌರೋಹಿತ್ಯವೂ ಅವನಿಗೆ ಒದಗಲಿಲ್ಲ. ಅಪ್ಪ ಎರಡು ಸಲ ಚಚಡಿಗೆ ಹೋಗಿ, ಎರಡು ಸಲವೂ ಮಾಮಾನ ಮುಖ ಕಾಣದೆ ಬಂದ.

ಹದಿನೈದು ದಿನ ಮುಚ್ಚಿದ್ದ ಗಿರಣಿ ತೆರೆದಾಗ ಮಾತೂ ಮತ್ತೆ ಶುರುವಾಯಿತು. ಈರಪ್ಪಜ್ಜ, “ಆಫೀಸಿನವರು ಮೊದಲನೇ ಸುತ್ತಿನ್ಯಾಗ ಪ್ರಾಣೇಶನ್ನ ತಗೊಂಡಿದ್ರ ಅವ ಅಷ್ಟೊತ್ತಿಗೆ ಸವದತ್ತಿ ಬಸ್ಸಿನ್ಯಾಗ ಇರತಿದ್ದ. ಪಟ್ಟಾ ಹಿಡೀತಿದ್ದಿಲ್ಲ. ತಪ್ಪು ಅವರದ,” ಎಂದ. ಒಂದಿಬ್ಬರು ತಲೆಯಾಡಿಸಿದರು. ನಾನೂ ಅದನ್ನು ನಂಬಲು ಬಹಳ ಪ್ರಯತ್ನ ಮಾಡಿದೆ.

“ಆಫೀಸು ಬಂದು ಇಲ್ಲೆ, ಹಿಟ್ಟಿನ್ಯಾಗ ಕುಣಿ ಅಂದಿತ್ತೇನು? ತೋರಸು ಅಂದವರು ನಾವು,” ಎಂದಳು ಗಂಗವ್ವ. ದಾವಲಣ್ಣ ಎದ್ದು ಹೊರಗೆ ಹೋದ. ಅದೇ ಗಿರಣಿಯ ಕೊನೆಯ ವಾದ.

ನನಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನಿಂತ ಪಟ್ಟಾ ಮತ್ತೆ ಜಗ್ಗುತ್ತಿತ್ತು. ಎದ್ದು ಕೂತರೆ ಅಂಗಳದಲ್ಲಿ ಅಪ್ಪನೂ ಎಚ್ಚರವಾಗಿ ಕೂತಿರುತ್ತಿದ್ದ.  ನಿಜ ಹೇಳು ಎಂದು ಅಪ್ಪ ಹೇಳಲಿಲ್ಲ, ಹೇಳಬೇಡ ಎಂದೂ ಹೇಳಲಿಲ್ಲ.

ದೀಪಾವಳಿಗೆ ಅವ್ವನ ಜತೆ ಚಚಡಿಗೆ ಹೋದೆ. ಮಾಮಾ ಹಿತ್ತಲಲ್ಲಿ ಎಡಗೈಯಿಂದ ಶೇಂಗಾ ಬಿಡಿಸುತ್ತಿದ್ದ. ನಿಂತುಕೊಂಡೇ ಹೇಳಿಬಿಟ್ಟೆ. “ಮಾಮಾ, ಕಡ್ಡಿ ಇಟ್ಟಾಂವ ಅಪ್ಪ ಅಲ್ಲ. ನಾ ಇಟ್ಟಿದ್ದೆ. ನಿನ್ನ ಆಟ ನೋಡಬೇಕಾಗಿತ್ತು.”

ಅವನು ಕೈಯಲ್ಲಿದ್ದ ಕಾಯನ್ನು ಒಡೆಯದೆ ರಾಶಿಗೆ ಮರಳಿ ಹಾಕಿದ.

“ನಿಮ್ಮಪ್ಪಗ ಗೊತ್ತದ ಏನು?”

“ಅವತ್ತ ಗೊತ್ತಾಗೇದ.”

“ಆರು ತಿಂಗಳಾತಲ್ಲೇ, ಸುಮಿ.” ಅವನ ದನಿಯಲ್ಲಿ ಸಿಟ್ಟಿತ್ತು. ಅದು ನನ್ನ ಮೇಲೋ, ಅಪ್ಪನ ಮೇಲೋ, ತನ್ನ ಮೇಲೋ ತಿಳಿಯಲಿಲ್ಲ. “ಆರು ತಿಂಗಳು ಅವರನ್ನ ಬಾಗಲದಿಂದ ಹೊಳ್ಳಿ ಕಳಸೇನಲ್ಲ.”

ಚಿಂತೆಯಿಲ್ಲ ಎಂದು ಅವನು ಹೇಳಲಿಲ್ಲ. ನನ್ನ ತಲೆ ಸವರಲಿಲ್ಲ. ಸಂಜೆಯ ಬಸ್ಸಿಗೆ ನಾವು ಹೊರಟಾಗ ಅಂಗಿ ಹಾಕಿಕೊಂಡು ತಾನೂ ಹತ್ತಿದ.

ಅಪ್ಪ ಅವನನ್ನು ಕಂಡು ಬಾಗಿಲಲ್ಲೇ ನಿಂತ. ಮಾಮಾ, “ಊಟಕ್ಕ ಏನ ಮಾಡೀರಿ?” ಎಂದಷ್ಟೇ ಕೇಳಿದ. ಇಬ್ಬರೂ ಒಂದೇ ಸಾಲಿನಲ್ಲಿ ಕೂತರು. ಮಾಮಾ ಎಡಗೈಯಿಂದ ರೊಟ್ಟಿ ಮುರಿಯಲು ತಡವರಿಸಿದಾಗ ಅಪ್ಪ ತಟ್ಟೆಗೆ ಕೈ ಚಾಚಿ ಮುರಿದುಕೊಟ್ಟ. ಮಾಮಾ ಬೇಡ ಎನ್ನಲಿಲ್ಲ.

ನಾಲ್ಕು ತಾಲೂಕುಗಳ ಆ ಪಂದ್ಯಾವಳಿ ಎರಡು ವರ್ಷದಲ್ಲೇ ನಿಂತಿತು. ಮಾಮಾ ಈಗ ರಾಮದುರ್ಗದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಗಿರಣಿಯ ಪಟ್ಟಾಕ್ಕೆ ಕಬ್ಬಿಣದ ಜಾಲರಿ ಬಂದಿದೆ. ಟೀವಿಯಲ್ಲಿ ಆಟಗಾರರ ಹರಾಜು ಬಂದರೆ ಅಪ್ಪ ಎದ್ದು ಒಳಗೆ ಹೋಗುತ್ತಾನೆ. ಯಾರನ್ನು ತೆಗೆದುಕೊಳ್ಳಬೇಕಿತ್ತು ಎಂದು ಅವನೊಡನೆ ಜಗಳವಾಡಲು ನನಗೆ ಈಗಲೂ ಆಸೆಯಿದೆ. ಕೇಳುವ ಧೈರ್ಯವಿಲ್ಲ.

ಆ ದೀಪಾವಳಿಯಲ್ಲಿ ಮಾಮಾ ಬಂದ ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಪಡಸಾಲೆಯಲ್ಲಿ ಅಪ್ಪ, ಅವನ ಪಕ್ಕ ಮಾಮಾ, ಇಬ್ಬರೂ ಇನ್ನೂ ಮಲಗಿದ್ದರು. ಕರೆಂಟು ಬಂದು ಎಷ್ಟೋ ಹೊತ್ತಾಗಿತ್ತು. ಬಾಗಿಲು ತೆರೆದರೆ ಕಟ್ಟೆಯ ಮೇಲೆ ಜೋಳದ ಡಬ್ಬಿಗಳನ್ನು ಮುಂದಿಟ್ಟುಕೊಂಡು ಏಳೆಂಟು ಜನ ಕೂತಿದ್ದರು. ಯಾರೂ ಕದ ಬಡಿದಿರಲಿಲ್ಲ. ಎಬ್ಬಿಸಲೇ ಎಂದು ಕೇಳಿದೆ. ಈರಪ್ಪಜ್ಜ ಬೇಡವೆಂದು ಕೈಯಾಡಿಸಿದ. ನಮ್ಮ ಕಟ್ಟೆಯ ಮೇಲೆ ಅಷ್ಟು ಜನ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.