ಒಂದೇ ಕೀಲು, ಮೂರು ಸೊಂಟ

ಬೈಲಹೊಂಗಲದ ಸರ್ಕಾರಿ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ನರ್ಸ್ ಆಗಿದ್ದೆ. ಆಮೇಲೆ ಸರ್ಕಾರದ ಆರೋಗ್ಯ ವಿಮೆಯ ಮೇಲ್ವಿಚಾರಣೆ ಮಾಡುವ ಕಚೇರಿಗೆ ಬಂದೆ. ಅಲ್ಲಿ ನನ್ನದು ಪರಿಶೀಲನೆಯ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ವಿಮೆಯ ಕಾರ್ಡಿನ ಮೇಲೆ ಆಪರೇಷನ್ ಆದವರಲ್ಲಿ ಕೆಲವರ ಮನೆಗೆ ಹೋಗಿ, ಆಸ್ಪತ್ರೆ ಬರೆದು ಕಳಿಸಿದ್ದು ನಿಜವೇ ಎಂದು ನೋಡಿ ಬರಬೇಕು. ‘ಕಾಗದದಾಗಿನ ಹೊಲಿಗಿ ಮೈಮ್ಯಾಲೂ ಐತೇನು ನೋಡೂದ ಇಕೀ ನೌಕರಿ’ ಎಂದು ಮನೆಯವರು ನಗುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಸರ್ಕಾರಿ ಆಸ್ಪತ್ರೆಯೊಂದರ ಎಲುಬಿನ ಡಾಕ್ಟರ್ ನನಗೆ ಫೋನ್ ಮಾಡಿದರು. ಸಾಲಹಳ್ಳಿಯ ಒಬ್ಬ ಹೆಣ್ಣುಮಗಳ ಎಡ ಸೊಂಟದ ಕೀಲು ಪೂರ್ತಿ ಸವೆದಿತ್ತು. ಹೊಸ ಕೀಲು ಹಾಕಲು ಅವರು ಅನುಮತಿ ಕೇಳಿದರೆ ನಮ್ಮ ಕಂಪ್ಯೂಟರ್ ತಿರಸ್ಕರಿಸಿತ್ತು. ಅದೇ ಸೊಂಟಕ್ಕೆ ಹಿಂದಿನ ವರ್ಷವೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೀಲು ಹಾಕಿಯಾಗಿದೆ ಎಂದು ದಾಖಲೆಯಲ್ಲಿತ್ತು.

“ಎಕ್ಸ್‌ರೇ ನನ್ನ ಕೈಯಾಗ ಐತ್ರಿ. ಲೋಹದ ಚೂರೂ ಇಲ್ಲ. ನಿಮ್ಮ ಕಂಪ್ಯೂಟರಿಗೆ ಒಂದೀಟ ಹೇಳ್ರಿ,” ಎಂದರು ಡಾಕ್ಟರ್.

ನನ್ನ ಮೇಲಧಿಕಾರಿಗೆ ಇದು ದೊಡ್ಡ ಸಂಗತಿ ಅನ್ನಿಸಲಿಲ್ಲ. “ಕಾರ್ಡ್ ಯಾರಿಗೋ ಕೊಟ್ಟಿರಬೇಕು ಆ ಹೆಣ್ಮಗಳು. ಹೋಗಿ ಹೇಳಿಕಿ ಬರಿಸ್ಕೊಂಡು ಬರ್ರಿ,” ಎಂದರು. ನಾನೂ ಹಾಗೇ ಅಂದುಕೊಂಡು ರಾಮದುರ್ಗದ ಬಸ್ಸು ಹತ್ತಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಕೆ ಪಡಸಾಲೆಯಲ್ಲಿ ಕೂತು ಹೆಸರಿನ ಬೀಜ ಹಸನು ಮಾಡುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡನ ಕಣ್ಣು ಮಂಜಾದ ಮೇಲೆ ಹೊಲದ ಟ್ರ್ಯಾಕ್ಟರ್ ತಾನೇ ಓಡಿಸುತ್ತಿದ್ದಳಂತೆ. ಈಗ ಎಡಗಾಲಿಂದ ಕ್ಲಚ್ ಒತ್ತಲು ಆಗದೆ ಟ್ರ್ಯಾಕ್ಟರ್ ಅಂಗಳದಲ್ಲೇ ನಿಂತಿತ್ತು. ಕಾರ್ಡನ್ನು ಯಾರಿಗಾದರೂ ಕೊಟ್ಟಿದ್ದಿರಾ ಎಂದು ನಾನು ಕೇಳಿದ್ದೇ ತಡ, ಗೋಡೆ ಹಿಡಿದು ಎದ್ದಳು.

“ನನ್ನ ಕಾರ್ಡ್ ನನ್ನ ಟ್ರಂಕಿನಾಗ ಐತಿ. ಬರ್ರಿ ಒಳಗ, ನೋಡೂದು ನೋಡಿಬಿಡ್ರಿ.”

ಒಳಗೆ ಬಾಗಿಲು ಮುಂದೆ ಮಾಡಿ ಸೀರೆ ಸರಿಸಿ ಸೊಂಟ ತೋರಿಸಿದಳು. ಕೀಲು ಬದಲಿಸಿದವರ ಗಾಯಗಳನ್ನು ನಾನು ಎಷ್ಟೋ ತೊಳೆದಿದ್ದೇನೆ. ಒಂದು ಗೇಣು ಉದ್ದದ ಗೆರೆ ಸಾಯುವವರೆಗೂ ಹೋಗುವುದಿಲ್ಲ. ಇಲ್ಲಿ ಸೂಜಿ ಚುಚ್ಚಿದ ಗುರುತೂ ಇರಲಿಲ್ಲ.

“ಹೋದ ವರ್ಷ ಪುಕ್ಕಟೆ ತಪಾಸಣಿ ಅಂತ ವ್ಯಾನಿನಾಗ ಕರ್ಕೊಂಡು ಹೋದ್ರು,” ಎಂದಳು. “ಬೆರಳು ಒತ್ತಿಸ್ಕೊಂಡ್ರು, ಫೋಟೊ ತಗದ್ರು. ನಾಕ ದಿನ ಮಲಗಿಸಿ ಸಲೈನ್ ಹಚ್ಚಿದ್ರು. ಗುಳಿಗಿ ಕೊಟ್ಟು ಕಳಿಸಿದ್ರು. ನೋವು ಮಾತ್ರ ಇದ್ದಲ್ಲೇ ಐತ್ರಿ.”

ನಾನು ಕ್ಷಮೆ ಕೇಳಿದೆ. ಆಕೆ ಚಹಾ ಮಾಡಿ ಕೊಟ್ಟಳು.

ಮರುದಿನ ಆ ಖಾಸಗಿ ಆಸ್ಪತ್ರೆ ನಮಗೆ ಕಳಿಸಿದ್ದ ಹಳೆಯ ಕಡತಗಳನ್ನೆಲ್ಲ ತೆರೆದು ಕೂತೆ. ಕೃತಕ ಕೀಲಿನ ಡಬ್ಬಿಯ ಮೇಲೆ ಒಂದು ಚೀಟಿ ಇರುತ್ತದೆ. ಅದರಲ್ಲಿ ಆ ಕೀಲಿಗೆ ಮಾತ್ರ ಸೇರಿದ ನಂಬರು. ಆಪರೇಷನ್ ಆದ ಮೇಲೆ ಆ ಚೀಟಿಯನ್ನು ರೋಗಿಯ ಕಡತಕ್ಕೆ ಅಂಟಿಸಬೇಕು. ಸಾಲಹಳ್ಳಿಯವಳ ಚೀಟಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಒಂದೊಂದೇ ಕಡತ ನೋಡುತ್ತ ಹೋದೆ. ಊಟದ ಹೊತ್ತಿಗೆ ಅದೇ ನಂಬರು ಸಂಪಗಾಂವದ ಒಬ್ಬ ಅಂಗಡಿಕಾರನ ಕಡತದಲ್ಲಿ ಸಿಕ್ಕಿತು. ಸಂಜೆ ದೇಗಾಂವದ ಒಬ್ಬ ನಿವೃತ್ತ ಮಾಸ್ತರರ ಕಡತದಲ್ಲೂ ಸಿಕ್ಕಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಇಬ್ಬರ ಮನೆಗೂ ಹೋದೆ. ಅವರನ್ನೂ ಪುಕ್ಕಟೆ ತಪಾಸಣೆಗೆಂದು ಹಾಗೇ ವ್ಯಾನಿನಲ್ಲಿ ಕರೆದೊಯ್ದಿದ್ದರು. ಅಂಗಡಿಕಾರನಿಗೆ ಸೊಂಟವೇ ನೋಯುತ್ತಿರಲಿಲ್ಲ. ಮಾಸ್ತರರು ಅಂಗಳದಲ್ಲಿ ಎರಡು ಸುತ್ತು ಬಿರಬಿರನೆ ನಡೆದು ತೋರಿಸಿದರು. “ನನಗ ಆಗ ಬೆನ್ನು ನೋಯ್ತಿತ್ತವಾ. ಸೊಂಟ ಯಾಕ ಬದಲಿ ಮಾಡಸ್ಲಿ?” ಎಂದು ನನ್ನನ್ನೇ ಕೇಳಿದರು.

ಮೂರೂ ಹಾಳೆಗಳನ್ನು ಸಾಲಾಗಿ ಮೇಲಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಒಂದ ಕೀಲು ಮೂರು ಮಂದಿ ಸೊಂಟದಾಗ ಹೆಂಗ ಕುಂತೀತು?” ಎಂದರು. ಆಮೇಲೆ, “ನಾ ಆ ಹೆಣ್ಮಗಳ ಮ್ಯಾಲೆ ಸುಮ್ಮನ ಸಂಶಯ ಪಟ್ಟೆ,” ಎಂದು ಮೆಲ್ಲಗೆ ಹೇಳಿ, ವಿಚಾರಣೆ ಕೇಳಿ ಮೇಲಿನವರಿಗೆ ಅಂದೇ ಬರೆದರು.

ವಿಚಾರಣೆ ಬೆಳಗಾವಿಯಲ್ಲಿ ನಡೆಯಿತು. ಸಮಿತಿಯ ಅಧ್ಯಕ್ಷೆ ಒಬ್ಬ ಹಿರಿಯ ಸರ್ಜನ್. ಮೂವರು ರೋಗಿಗಳೂ ಬಂದಿದ್ದರು. ಆಸ್ಪತ್ರೆಯ ವ್ಯವಸ್ಥಾಪಕ ಎದ್ದು, ಆಪರೇಷನ್ ಆಗಿದ್ದು ನಿಜ, ಚೀಟಿ ಅಂಟಿಸುವಾಗ ಗುಮಾಸ್ತ ತಪ್ಪು ಮಾಡಿದ್ದಾನೆ ಅಷ್ಟೇ, ಸರ್ಕಾರಿ ಡಾಕ್ಟರರ ಹತ್ತಿರ ಇರುವ ಎಕ್ಸ್‌ರೇ ಬೇರೆ ಯಾರದೋ ಇರಬೇಕು, ಎಂದು ನಯವಾಗಿ ವಿವರಿಸಿದ. ಇವತ್ತು ಇವನು ಪಾರಾಗುತ್ತಾನೆ ಎಂದುಕೊಂಡೆ.

ಆಗ ಸಾಲಹಳ್ಳಿಯವಳು ಕೋಲು ಊರಿ ಎದ್ದು ನಿಂತಳು.

“ತಪ್ಪು ಚೀಟಿಯಾಗ ಆಗೈತಿ ಅಂದ್ರ, ಕೀಲು ಸೊಂಟದಾಗ ಇರಬೇಕಲ್ರಿ? ಎಕ್ಸ್‌ರೇ ತಗೀರಿ. ಈಗ, ನಿಮ್ಮ ಎದುರಿಗೇ. ನಾ ಎಲ್ಲೂ ಓಡಿ ಹೋಗಾಂಗಿಲ್ಲ, ಓಡಾಕ ಬರೂದೂ ಇಲ್ಲ.”

ಅಧ್ಯಕ್ಷೆ ನಕ್ಕುಬಿಟ್ಟರು. ಮೂವರನ್ನೂ ತಾವೇ ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಕರೆದೊಯ್ದರು. ಒಂದು ತಾಸಿನ ನಂತರ ಮೂರು ಚಿತ್ರಗಳು ಬೆಳಕಿನ ಹಲಗೆಯ ಮೇಲೆ ಒಂದರ ಪಕ್ಕ ಒಂದು ನಿಂತವು. ಎಲುಬು, ಎಲುಬು, ಎಲುಬು. ಲೋಹ ಎಲ್ಲೂ ಇಲ್ಲ. ವ್ಯವಸ್ಥಾಪಕ ಕೊನೆಯವರೆಗೂ ತಲೆ ಎತ್ತಲಿಲ್ಲ.

ಆಪರೇಷನ್ ಮಾಡದೆಯೇ ವಿಮೆಯ ಹಣ ಎತ್ತಿದ್ದ ಆ ಆಸ್ಪತ್ರೆಯನ್ನು ಯೋಜನೆಯ ಪಟ್ಟಿಯಿಂದ ತೆಗೆದುಹಾಕಿದರು, ಪೊಲೀಸರಿಗೆ ದೂರು ಹೋಯಿತು. ಕೀಲು ಹಾಕಿದ ಮೇಲಿನ ಎಕ್ಸ್‌ರೇ ಹಾಗೂ ಚೀಟಿಯ ನಂಬರು ಎರಡೂ ತಾಳೆಯಾಗದೆ ಯಾವ ಕಡತವೂ ಮುಂದೆ ಹೋಗಬಾರದೆಂದು ನಮ್ಮ ಕಚೇರಿ ಆದೇಶ ಹೊರಡಿಸಿತು. ಆ ಆದೇಶದ ಕರಡು ಬರೆದವಳು ನಾನು. ಅದಕ್ಕಿಂತ ದೊಡ್ಡ ಖುಷಿಯೆಂದರೆ ಆಕೆಯ ಹೆಸರಿನ ಮುಂದಿದ್ದ ಸುಳ್ಳು ಸಾಲು ಅಳಿಸಿಹೋಗಿ, ವಿಚಾರಣೆಯ ಮಾರನೆಯ ಬೆಳಿಗ್ಗೆಯೇ ಅನುಮತಿ ಸಿಕ್ಕಿದ್ದು.

ಆಪರೇಷನ್ ಆದ ಮೂರನೆಯ ದಿನ ವಾರ್ಡಿಗೆ ಹೋದೆ. ಆಕೆ ವಾಕರ್ ಹಿಡಿದು ನಡೆಯುತ್ತಿದ್ದಳು. ಅಕ್ಕಪಕ್ಕದ ಹಾಸಿಗೆಯವರೆಲ್ಲ ಎದ್ದು ಕೂತು ನೋಡುತ್ತಿದ್ದರು. ಇವತ್ತಿಗೆ ಸಾಕು, ಮಲಗಿ ಎಂದು ಡಾಕ್ಟರ್ ಹೇಳಿದರು.

“ಇನ್ನೊಂದ ಸುತ್ತ್ರೀ ಸಾಹೇಬ್ರ,” ಎಂದು ಆಕೆ ತಿರುಗಿದಳು. ನಾನು ಸಲೈನಿನ ಕಂಬ ತಳ್ಳುತ್ತ ಅವಳ ಜೊತೆ ಹೆಜ್ಜೆ ಹಾಕಿದೆ.