ಅರವತ್ತೊಂದು ದಿನ ತಡೆದ ಸುದ್ದಿ

ಜಲಾಂತರ್ಗಾಮಿಯಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ನೀರಿನಾಳದ ಸದ್ದು ಕೇಳಿ, ಹತ್ತಿರ ಬರುತ್ತಿರುವುದು ಹಡಗೋ ತಿಮಿಂಗಿಲವೋ ಎಂದು ಹೇಳುವುದು ಅವನ ಕೆಲಸ. ಹದಿನೇಳು ವರ್ಷ ಅದನ್ನೇ ಮಾಡಿದ. "ಸಮುದ್ರದಡಿ ಮೀನು ಕೆಮ್ಮಿದ್ರೂ ಕೇಳುತ್ತೆ ಇವನಿಗೆ, ನಾನು ಕೂಗಿದ್ರೆ ಕೇಳಲ್ಲ," ಎಂದು ತಾಯಿ ಅಕ್ಕನ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ತಾಯಿ ತೀರಿಕೊಂಡದ್ದು ಅವನು ನೀರಿಗಿಳಿದ ಒಂಬತ್ತನೆಯ ದಿನ. ಸುದ್ದಿ ಕಪ್ತಾನರಿಗೆ ಬಂತು. ಅವರು ಅದನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಅರವತ್ತೊಂದು ದಿನ ಅವನು ಅವರ ಜೊತೆ ಉಂಡ, ನಕ್ಕ. ದಡ ಸೇರುವ ಮುನ್ನ ಕರೆದು ಹೇಳಿದರು. ತಪ್ಪು ಅವರದಲ್ಲ. ಸೇರುವಾಗ ತುಂಬಿದ ಅರ್ಜಿಯಲ್ಲಿ 'ಕೆಟ್ಟ ಸುದ್ದಿ ಬಂದರೆ ತಿಳಿಸಬೇಕೇ?' ಎಂಬಲ್ಲಿ 'ಬೇಡ' ಎಂದು ಬರೆದವನು ಅವನೇ. ತಿಳಿದರೂ ನಡುವೆ ಹಿಂದಿರುಗುವಂತಿರಲಿಲ್ಲ.

ಮನೆಗೆ ಬಂದಾಗ ಅಕ್ಕ ತಾಯಿಯ ಮಂಚ ಬಿಚ್ಚಿ ಗೋಡೆಗೆ ಒರಗಿಸಿದ್ದಳು. "ಎರಡು ದಿನ ಬಾಗಿಲ ಕಡೆನೇ ನೋಡ್ತಿದ್ಲು. ಬರ್ತಾನೆ ಅಂತ ಸುಳ್ಳು ಹೇಳಿದೆ," ಎಂದಳು.

ಇನ್ನು ನೀರಿಗಿಳಿಯಲಾರೆ ಎಂದು ಅವನು ಬರೆದುಕೊಟ್ಟ. ಆ ವರ್ಷ ಅವನಂತೆ ಬಿಟ್ಟವರು ಹನ್ನೊಂದು ಮಂದಿ; ಹೊಸಬರು ಬರುತ್ತಿರಲಿಲ್ಲ. ಹಾಗಾಗಿ ಅವನನ್ನೇ ನೇಮಕಾತಿ ಕಚೇರಿಯಲ್ಲಿ ಕೂರಿಸಿದರು. ಬಿಸಿಯೂಟ, ಬೇಗ ಬಡ್ತಿ, ಎದೆಯ ಮೇಲೆ ಬಿಲ್ಲೆ ಎಂದು ಬಂದವರಿಗೆಲ್ಲ ಗಿಣಿಪಾಠ ಒಪ್ಪಿಸುತ್ತಿದ್ದ. ಒಂದೇ ಹಾಸಿಗೆಯಲ್ಲಿ ಮೂವರು ಸರದಿಯ ಮೇಲೆ ಮಲಗುವುದನ್ನು ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಐವರು ಅರ್ಜಿ ತುಂಬುತ್ತಿದ್ದರು. ವೆಲ್ಡಿಂಗ್ ಕಲಿತ ಹುಡುಗಿಯೊಬ್ಬಳು ಕೆಟ್ಟ ಸುದ್ದಿಯ ಆ ಪ್ರಶ್ನೆಯ ಹತ್ತಿರ ಪೆನ್ನು ನಿಲ್ಲಿಸಿದಳು.

"ಸಾರ್, ಇಲ್ಲಿ ನೀವೇನು ಬರೆದಿದ್ರಿ?"

"ಬೇಡ ಅಂತ."

"ಆಮೇಲೆ?"

ಹೇಳಬಾರದೆಂದುಕೊಂಡೇ ಎಲ್ಲ ಹೇಳಿಬಿಟ್ಟ. ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿದಳು. "ನಮ್ಮಪ್ಪಂಗೂ ಹುಷಾರಿಲ್ಲ ಸಾರ್," ಎಂದು ಎದ್ದಳು. ಹಿಂದೆಯೇ ಮೂವರು ಎದ್ದರು. ಉಳಿದವನು ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದ.

ಕಚೇರಿಯ ಅಧಿಕಾರಿ ಬಯ್ಯಲಿಲ್ಲ. "ಸೋಮವಾರ ಒಂದು ಜಲಾಂತರ್ಗಾಮಿ ಹೊರಡ್ಬೇಕು. ಸದ್ದು ಕೇಳೋನು ಒಬ್ಬನೇ ಉಳಿದಿರೋದು. ಹೋದ ವಾರ ದಡಕ್ಕೆ ಬಂದ, ಹುಟ್ಟಿದ ಮಗುನ ಇನ್ನೂ ಸರಿಯಾಗಿ ಎತ್ಕೊಂಡಿಲ್ಲ. ನೀನು ಆಗಲ್ಲ ಅಂದ್ರೆ ಅವನನ್ನೇ ಕಳಿಸ್ತೀನಿ," ಎಂದರು.

ಅವನು ಮೇಜಿನ ಮೇಲಿದ್ದ ಅರ್ಜಿಗಳನ್ನು ಜೋಡಿಸಿಟ್ಟ. "ನಾನೇ ಹೋಗ್ತೀನಿ ಬಿಡಿ," ಎಂದ.

ಅಕ್ಕ ಅವನ ಅಂಗಿಗಳನ್ನು ಮಡಚಿಟ್ಟಳು. "ಯಾವಾಗ ಬರ್ತೀಯ ಅಂತ ಕೇಳಲ್ಲ," ಎಂದಷ್ಟೇ ಹೇಳಿದಳು.

ಅದೊಂದೇ ಸಲ ಎಂದು ಅಧಿಕಾರಿ ಹೇಳಿದ್ದರು. ಅವನ ಬದಲಿಗೆ ಯಾರೂ ಸಿಗಲಿಲ್ಲ. ಕಚೇರಿ ಬಿಟ್ಟ ಮೇಲೆ ಈಗ ನಾಲ್ಕನೆಯ ಸಲ ನೀರಿನಲ್ಲಿದ್ದಾನೆ.